ಮಾಗಿಯ ಹಿತ್ತಿಲು

ಚಳಿಗಾಲವು ತೋಟಕ್ಕೆ ಮರಣಕಾಲವೆಂದು ಸಾರುವ ಪುಸ್ತಕಗಳನ್ನೋದಿ ಬೆಳೆದವರು ನಮ್ಮಲ್ಲನೇಕರು. ಆ ಪುಸ್ತಕಗಳು ಹುಟ್ಟಿದ ದೇಶಗಳ ಮಟ್ಟಿಗೆ ಆ ಮಾತು ಸರಿಯೇ. ಅಲ್ಲಿ ಮರಗಳು ಎಲೆಯುದುರಿ ಬೋಳಾಗಿ ನಿಲ್ಲುವುವು. ನೆಲವು ಹೆಪ್ಪುಗಟ್ಟಿ ಗುದ್ದಲಿಯನ್ನು ಒಳಗೆ ಬಿಡದು. ತೋಟದ ಯಜಮಾನನು ಬೆಂಕಿಯ ಮುಂದೆ ಕುಳಿತು, ಬೀಜದಂಗಡಿಯ ಪಟ್ಟಿಗಳನ್ನು ತಿರುವುತ್ತ, ವಸಂತವನ್ನು ಕಾಯುವನು. ಇಂಥ ಪಾಠಗಳನ್ನು ಕಂಠಪಾಠಮಾಡಿದ ನಾವು ಧನುರ್ಮಾಸದ ಒಂದು ಮುಂಜಾನೆ ಹಿತ್ತಿಲ ಬಾಗಿಲ ಅಗಣಿಯನ್ನು ತೆಗೆದು ಹೊರಕ್ಕೆ ಬಂದರೆ ಕಾಣುವ ನೋಟವೇ ಬೇರೆ. ಸೇವಂತಿಗೆಯ ಪಾತಿ ತುಂಬಿ ದಾರಿಗೆ ಚೆಲ್ಲಿರುವುದು; ಅವರೆಯ ಚಪ್ಪರವು ಹೂವು ಕಾಯಿಗಳೆರಡನ್ನೂ ಹೊತ್ತು ಬಾಗಿರುವುದು; ಗೋಡೆಯ ಮಗ್ಗುಲಲ್ಲಿ ಗೋರಂಟೆಯು ಬಿಳಿಯನ್ನೂ ನಸುನೇರಳೆಯನ್ನೂ ಚಿಮುಕಿಸಿರುವುದು. ವರ್ಷದ ಬೇರಾವ ಕಾಲದಲ್ಲಿಯೂ ನಮ್ಮ ಹಿತ್ತಿಲು ಇಷ್ಟು ಸಿಂಗಾರಗೊಳ್ಳುವುದಿಲ್ಲವೆಂದರೆ ವಸಂತದ ಅಭಿಮಾನಿಗಳು ಕೋಪಿಸಿಕೊಳ್ಳಬಹುದು, ಕೋಪಿಸಿಕೊಳ್ಳಲಿ.

ನಾವಿಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಹಳೆಯ ಮೈಸೂರು ಸೀಮೆಯ, ಅದರಲ್ಲಿಯೂ ಬೆಂಗಳೂರಿನ ಮನೆಗಳ ಕೈತೋಟದ ವಿಚಾರವನ್ನು. ಕರಾವಳಿಯವರಿಗೆ ಚಳಿಯೆಂಬುದು ಹೆಸರಿಗೆ ಮಾತ್ರ ಉಂಟು. ಮಲೆನಾಡಿನಲ್ಲಿ ಈ ದಿನಗಳು ಅಡಕೆಯ ಕೊಯ್ಲಿನವು. ಅಂಗಳವೆಲ್ಲ ಅಡಕೆಗೆ ಮೀಸಲಾಗಿ ಹೆಂಗಸರಿಗೆ ಹೂವಿನ ಕಡೆ ತಿರುಗಿ ನೋಡಲೂ ಪುರುಸೊತ್ತು ಕಡಿಮೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿಗೆ ಮಾತ್ರ ಮಾಗಿಯು ಹದವರಿತು ಬರುವುದು. ಹಸ್ತ, ಚಿತ್ತೆ, ಸ್ವಾತಿಯ ಮಳೆಗಳು ನೆಲವನ್ನು ಆಳಕ್ಕೆ ತೋಯಿಸಿ ಹೋಗಿರುವುವು. ಬೇರಿನ ಬಳಿ ತೇವ, ಎಲೆಯ ಮೇಲೆ ಬಿಸಿಲು, ಇರುಳಲ್ಲಿ ತಂಪು. ಡಿಸೆಂಬರ್ ಜನವರಿಗಳ ಇರುಳು ಸಾಮಾನ್ಯವಾಗಿ 15 ಅಥವಾ 16 ಡಿಗ್ರಿಗೆ ಇಳಿಯುವುದು. ಊರಿನ ಹವಾಮಾನದ ದಾಖಲೆಯಲ್ಲಿ ಅತ್ಯಂತ ಶೀತಲವಾದ ಇರುಳು 1884ನೆಯ ಜನವರಿ 13ರದು. ಅಂದು ಉಷ್ಣಮಾನವು 7.8 ಡಿಗ್ರಿ ಸೆಂಟಿಗ್ರೇಡಿಗೆ ಬಂದಿತ್ತು. ಆ ಇರುಳಿನಲ್ಲಿಯೂ ನೀರು ಹೆಪ್ಪುಗಟ್ಟುವುದಕ್ಕೆ ಇನ್ನೂ ಏಳೆಂಟು ಡಿಗ್ರಿ ಬಾಕಿಯೇ ಇದ್ದಿತು. ಗಿಡವನ್ನು ಕೊಲ್ಲುವ ಚಳಿ ನಮ್ಮಲ್ಲಿಲ್ಲ. ಗಿಡವನ್ನು ಎಚ್ಚರಿಸುವ ಚಳಿ ಉಂಟು.

ಮುಂಬಾಗಿಲಿನಿಂದಲೇ ತೊಡಗೋಣ. ಧನುರ್ಮಾಸವೆಂದರೆ ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ. ಈ ಒಂದು ತಿಂಗಳು ಬೆಳಗಿನ ಜಾವದಲ್ಲಿಯೇ ಅಂಗಳವನ್ನು ಸಾರಿಸಿ ದೊಡ್ಡ ರಂಗವಲ್ಲಿಯನ್ನಿಡುವುದು ಅನೇಕರ ಮನೆಗಳಲ್ಲಿ ಈಗಲೂ ನಿಂತಿಲ್ಲ. ಕೆಲವರ ಮನೆಗಳಲ್ಲಿ ರಂಗವಲ್ಲಿಯ ನಡುವೆ ಸಗಣಿಯ ಉಂಡೆಯನ್ನಿಟ್ಟು ಅದರ ಮೇಲೆ ಕುಂಬಳದ ಹೂವನ್ನು ಸಿಕ್ಕಿಸುವರು. ಹಿತ್ತಿಲ ಮೂಲೆಯಲ್ಲಿ ಹಬ್ಬಿಕೊಂಡು, ಬಳ್ಳಿಯೆಂದು ಯಾರೂ ಗಮನಿಸದಿದ್ದ ಕುಂಬಳಕ್ಕೆ ಆ ಒಂದು ತಿಂಗಳು ದೊರೆಯುವ ಮರ್ಯಾದೆಯನ್ನು ನೋಡಬೇಕು! ಆ ಹೊತ್ತಿಗೆ ಬೀದಿಯ ಮೇಲೆ ಇನ್ನೊಂದು ರಂಗವಲ್ಲಿ ತಾನಾಗಿ ಬಿದ್ದಿರುವುದು. ಆಕಾಶಮಲ್ಲಿಗೆಯ ಮರವಿರುವ ಬೀದಿಯವರು ಇದನ್ನು ಬಲ್ಲರು. ಬಿರಟೆಯ ಮರವೆಂದೂ ಹೆಸರುಳ್ಳ ಈ ಎತ್ತರದ ಮರವು ಇರುಳಲ್ಲಿ ಅರಳಿ, ಉದ್ದನೆಯ ಕೊಳವೆಯಂಥ ಬಿಳಿಯ ಹೂಗಳನ್ನು ಬೆಳಗಾಗುವುದರೊಳಗೆ ಕೆಳಕ್ಕೆ ಚೆಲ್ಲುವುದು. ಹೂವನ್ನು ಮರದಿಂದ ಕೀಳಬೇಕಾಗಿಲ್ಲ, ದಾರ ಸೂಜಿಯೂ ಬೇಕಿಲ್ಲ. ತೊಟ್ಟನ್ನು ತೊಟ್ಟಿಗೆ ಹೆಣೆದು ಜಡೆಮಾಡುವ ವಿದ್ಯೆಯನ್ನು ಹೆಣ್ಣುಮಕ್ಕಳು ಯಾರಿಂದಲೂ ಕಲಿಯದೆ ಕಲಿತಿರುವರು.

ಆದರೆ ಮಾಗಿಯ ಹಿತ್ತಿಲಿಗೆ ಒಡತಿಯೆಂದರೆ ಸೇವಂತಿಗೆಯೇ. ಇದರ ಮೂಲದೇಶವು ಚೀನಾ. ಆದರೆ ನಮ್ಮ ದೇವರ ಬುಟ್ಟಿಯಲ್ಲಿಯೂ ಹೆಂಗಸರ ಹೆರಳಿನಲ್ಲಿಯೂ ಅದು ಎಷ್ಟು ಕಾಲದಿಂದ ನೆಲಸಿದೆಯೆಂದರೆ ಪರದೇಶದ ಹೂವೆಂದು ಹೇಳಿದರೆ ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ. ಆಷಾಢದಲ್ಲಿ ಕಂದುಗಳನ್ನು ನೆಟ್ಟು, ತುದಿಯನ್ನು ಒಂದೆರಡು ಸಲ ಚಿವುಟಿ ಕವಲೊಡೆಯಿಸಿ, ಭಾದ್ರಪದದ ಹೊತ್ತಿಗೆ ಚಿವುಟುವುದನ್ನು ನಿಲ್ಲಿಸುವುದು ಪದ್ಧತಿ. ಅಲ್ಲಿಯವರೆಗೂ ಗಿಡವು ಬರೀ ಎಲೆ. ಯಾವ ಗೊಬ್ಬರವನ್ನು ಹಾಕಿದರೂ, ಎಷ್ಟು ಉಪಚಾರ ಮಾಡಿದರೂ ಮೊಗ್ಗು ಕಾಣದು. ನವರಾತ್ರಿ ಕಳೆದ ಮೇಲೆ ಒಂದು ದಿನ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಹಸುರು ಗುಂಡು ಕಾಣಿಸಿಕೊಳ್ಳುವುದು. ತರುವಾಯ ಅದನ್ನು ತಡೆಯುವವರಿಲ್ಲ. ಇದು ಏತರಿಂದ?

ಚಳಿಯಿಂದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಳಿಯೂ ಸಹಾಯ ಮಾಡುವುದುಂಟು. ಆದರೆ ಸೇವಂತಿಗೆಯನ್ನು ಮುಖ್ಯವಾಗಿ ಎಬ್ಬಿಸುವುದು ಚಳಿಯಲ್ಲ, ಇರುಳು. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ಸಸ್ಯಶಾಸ್ತ್ರಜ್ಞರು ಎಷ್ಟು ಬೆಳೆದರೂ ಬೇಸಗೆಯಲ್ಲಿ ಹೂಬಿಡದ ಒಂದು ಹೊಗೆಸೊಪ್ಪಿನ ಜಾತಿಯ ಬೆನ್ನುಹತ್ತಿ, ಕುಂಡಗಳನ್ನು ದಿನವೂ ಕೆಲವು ಗಂಟೆ ಕತ್ತಲೆಯ ಗುಡಿಸಲಿನಲ್ಲಿ ಕೂಡಿಹಾಕಿ ನೋಡಿದರು. ಹಗಲನ್ನು ಮೊಟಕುಮಾಡಿದೊಡನೆಯೇ ಗಿಡವು ಹೂಬಿಟ್ಟಿತು. ಅವರು ಇದನ್ನು ಲೋಕಕ್ಕೆ ತಿಳಿಸಿದುದು 1920ರಲ್ಲಿ. ಮುಂದೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಒಂದು ಕಳೆಗಿಡದ ಮೇಲೆ ಪ್ರಯೋಗ ನಡೆಯಿಸಿ, ಇಂಥ ಗಿಡಗಳು ಎಣಿಸುವುದು ಹಗಲನ್ನಲ್ಲ, ಇರುಳನ್ನು ಎಂದು ತೋರಿಸಿಕೊಟ್ಟರು. ಉದ್ದವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕನ್ನು ಬಿಟ್ಟರೆ ಸಾಕು, ಗಿಡವು ಲೆಕ್ಕ ತಪ್ಪಿ ಹೂಬಿಡುವುದನ್ನು ಮರೆಯುವುದು. ಸೇವಂತಿಗೆಯು ಈ ಕುಲಕ್ಕೆ ಸೇರಿದ್ದು. ಕ್ರಿಸ್‌ಮಸ್ ವೇಳೆಗೆ ತಲೆಯ ಮೇಲೆ ಕೆಂಪು ಎಲೆಗಳ ಕಿರೀಟವನ್ನಿಡುವ, ಮೆಕ್ಸಿಕೋ ದೇಶದಿಂದ ಬಂದ ಪಾಯಿನ್‌ಸೆಟ್ಟಿಯಾ ಕೂಡ ಇದೇ ಕುಲದ್ದು. ನಮ್ಮ ಅವರೆಯೂ ಹಾಗೆಯೇ.

ಇದರಲ್ಲಿ ಆಶ್ಚರ್ಯಪಡಬೇಕಾದ ಅಂಶವೊಂದುಂಟು. ಉತ್ತರದ ದೇಶಗಳಲ್ಲಿ ಬೇಸಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಹತ್ತು ಗಂಟೆಗಳ ಅಂತರವಿರುವುದರಿಂದ ಗಿಡವು ಅದನ್ನು ಅರಿತರೆ ಅದೇನು ದೊಡ್ಡದಲ್ಲ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಎಲ್ಲ ಸೇರಿ ಒಂದೂವರೆ ಗಂಟೆಯ ವ್ಯತ್ಯಾಸ. ಕಚೇರಿಗೆ ಹೋಗಿಬರುವ ಗೃಹಸ್ಥನಿಗೆ ಇದು ತಿಳಿದೇ ಬಾರದು. ಸಂಜೆ ಬೇಗ ಕತ್ತಲಾಯಿತೆಂದು ಒಂದು ಸಲ ಹೇಳಿ ಸುಮ್ಮನಾಗುವನು. ಗೋಡೆಯ ಪಕ್ಕದ ಸೇವಂತಿಗೆಯು ಮಾತ್ರ ಆಶ್ವಯುಜದಿಂದ ಒಂದೊಂದು ನಿಮಿಷವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು.

ಈ ಲೆಕ್ಕವನ್ನು ಕೆಡಿಸಲು ನಾವೀಗ ಕಲಿತಿದ್ದೇವೆ. ಮನೆಯ ಮೂಲೆಗೆ ಸರಿಯಾಗಿ ಬೀದಿಯ ದೀಪದ ಕಂಬ ಬಂದ ಹಿತ್ತಿಲೊಂದನ್ನು ನಾವು ನೋಡಿದ್ದೇವೆ. ಕಂಬದ ಕೆಳಗಿನ ಸಾಲು ಮೊಣಕಾಲುದ್ದ ಬೆಳೆದು ಕಡುಹಸುರಾಗಿ ನಿಂತಿದ್ದಿತು, ಮೊಗ್ಗೆಂಬುದಿಲ್ಲ. ಮನೆಯ ನೆರಳು ಬೀಳುವ ಹಿಂಬದಿಯಲ್ಲಿ, ಅದೇ ದಿನ ನೆಟ್ಟ ಅದೇ ಜಾತಿಯ ಗಿಡಗಳು ಹೂವಿನ ಭಾರಕ್ಕೆ ಕೋಲನ್ನು ಬೇಡುತ್ತಿದ್ದುವು. ಮನೆಯವರು ಮಣ್ಣನ್ನು ಶಂಕಿಸಿದರು, ಗೊಬ್ಬರವನ್ನು ಬದಲಾಯಿಸಿದರು, ಕೊನೆಗೆ ದೃಷ್ಟಿಯನ್ನೂ ತೆಗೆದರು. ಸಂಜೆ ಆರಕ್ಕೆ ಗಿಡಗಳ ಮೇಲೆ ಬುಟ್ಟಿಯನ್ನೋ ದಪ್ಪ ಗೋಣಿಯನ್ನೋ ಮುಚ್ಚಿ ಬೆಳಗ್ಗೆ ತೆಗೆಯುವಂತೆ ಒಬ್ಬ ತೋಟಗಾರನು ಹೇಳಿದ ಮೇಲೆ, ಕೆಲವು ವಾರಗಳಲ್ಲಿ ಮೊಗ್ಗು ಬಂದಿತು. ತುಳಸಿಯ ಮುಂದಿನ ಹಣತೆಯಿಂದ ಸೇವಂತಿಗೆಗೆ ಭಯವಿಲ್ಲ. ಮಹಡಿಯ ಮೇಲೆ, ಕಾಂಪೌಂಡಿನ ಗೋಡೆಯ ಮೇಲೆ, ಕಳ್ಳರಿಗೆಂದು ಇರುಳೆಲ್ಲ ಉರಿಯುವ ಬಿಳಿಯ ದೀಪಗಳಿಂದ ಉಂಟು. ಚಳಿಗಾಲದ ಹಿತ್ತಿಲಿನ ಸೌಂದರ್ಯಕ್ಕೆ ನಾವು ಗೊಬ್ಬರ ನೀರುಗಳನ್ನು ಕೊಡಬಲ್ಲೆವು. ಕತ್ತಲೆಯನ್ನೂ ಕೊಡಬೇಕೆಂಬುದು ಇನ್ನೂ ಅನೇಕರಿಗೆ ಹೊಳೆದಿಲ್ಲ. ಹೂವು ಬೇಕಾದವರು ಆಶ್ವಯುಜ ಕಾರ್ತಿಕಗಳಲ್ಲಿ ಹಿತ್ತಿಲಿನ ದೀಪವನ್ನು ಬೇಗ ಆರಿಸುವುದು ಲೇಸು. ವಿದ್ಯುತ್ತಿನ ಲೆಕ್ಕದಲ್ಲಿಯೂ ನಷ್ಟವೇನಿಲ್ಲ.

ಅವರೆಯ ವಿಷಯವನ್ನು ಹೇಳದೆ ಮುಂದೆ ಹೋದರೆ ಗೃಹಿಣಿಯರು ನಮ್ಮನ್ನು ಮನ್ನಿಸಲಾರರು. ಚಪ್ಪರದ ಅವರೆಯ ಸೊಬಗನ್ನು ಹೂವಿನ ಗಿಡಗಳ ಸಾಲಿಗೆ ಯಾರೂ ಸೇರಿಸುವುದಿಲ್ಲ, ಇದೊಂದು ಅನ್ಯಾಯ. ಎಲೆಯ ಮೇಲೆ ಎದ್ದುನಿಲ್ಲುವ ಬಿಳಿ ಅಥವಾ ನೇರಳೆಯ ಹೂಗೊಂಚಲು, ಅದರ ಬುಡದಲ್ಲಿ ಚಂದ್ರನ ಕಲೆಯಂತೆ ಬಾಗಿದ ಕಾಯಿ, ಕಾಯಿಯಂಚಿನ ಕೆನ್ನೀಲಿ ಗೆರೆ, ಇವನ್ನು ಬೆಳಗಿನ ಬಿಸಿಲಿಗೆ ಎದುರಾಗಿ ನೋಡಿದವರಿಗೆ ಪರದೇಶದ ಬಳ್ಳಿಗಳನ್ನು ಹಣ ಕೊಟ್ಟು ತರುವ ಬಯಕೆ ಸ್ವಲ್ಪ ಕಡಿಮೆಯಾದೀತು. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಅಂಟು ಒಸರುವುದು, ಅದೇ ಸೊಗಡು. ಬಿಡಿಸಿದವರ ಬೆರಳನ್ನು ಅದು ಸಂಜೆಯವರೆಗೂ ಬಿಡದು. ಮಂಜು ಚೆನ್ನಾಗಿ ಬಿದ್ದ ವರ್ಷ ಸೊಗಡು ಹೆಚ್ಚೆಂಬುದು ಹೆಂಗಸರ ಅನುಭವ. ಪುಷ್ಯಮಾಸದಲ್ಲಿ ನಮ್ಮ ಮನೆಗಳಲ್ಲಿ ಸಾರು, ಉಪ್ಪಿಟ್ಟು, ರೊಟ್ಟಿ, ಹುಳಿ ಎಲ್ಲಕ್ಕೂ ಅವರೆಕಾಳೇ. ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಮನೆಮಂದಿಯೆಲ್ಲ ಸುತ್ತಲೂ ಕುಳಿತು ಹಿತಕುವ ಬೇಳೆಗೆ ಸಮಾನವಾದುದು ಇನ್ನೊಂದಿಲ್ಲವೆಂಬುದು ನಮ್ಮ ಮತ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆಯೆಂಬ ಹೆಸರಿನಲ್ಲಿ, ಇರುಳಿನ ಲೆಕ್ಕಕ್ಕೆ ಕಟ್ಟುಬೀಳದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿಬಿಡುವ ತಳಿಗಳನ್ನು ಮಾಡಿಕೊಟ್ಟಿದ್ದಾರೆ. ರೈತರಿಗೆ ಇದರಿಂದ ಉಪಕಾರವಾಗಿದೆ, ಸಂದೇಹವಿಲ್ಲ. ಹಿತ್ತಿಲಿಗೆ ಮಾತ್ರ ನಾವು ಹಳೆಯ ಚಪ್ಪರದವರೆಯನ್ನೇ ಹೇಳುವೆವು. ಬಾರದ ಕಾಲದಲ್ಲಿ ಬಾರದಿರುವುದೂ ಅದರ ರುಚಿಯಲ್ಲಿ ಒಂದು ಪಾಲು.

ಹೂವು ಕಾಯಿಗಳಿಗಿಂತ ಹೆಚ್ಚಾಗಿ ಮಾಗಿಯ ಬೆಳಗಿಗೆ ಚೆಲುವನ್ನು ಕೊಡುವುದು ಇಬ್ಬನಿ. ಅದೇ ಹಿತ್ತಿಲು, ಅದೇ ಗಿಡ. ಎಂಟು ಗಂಟೆಗೆ ನೋಡಿದರೆ ಸಾಧಾರಣ, ಆರೂವರೆಗೆ ನೋಡಿದರೆ ಬೇರೊಂದು ಲೋಕ. ಬೇಲಿಯ ಮೇಲಿನ ಜೇಡರ ಬಲೆಗಳು ಎಷ್ಟೆಂಬುದು ಆ ದಿನವೇ ತಿಳಿಯುವುದು. ಹಿಂದಿನ ಸಂಜೆ ಕಣ್ಣಿಗೆ ಬೀಳದ ಎಳೆಗಳೆಲ್ಲ ಮಣಿ ಪೋಣಿಸಿಕೊಂಡು ತೂಗುತ್ತಿರುವುವು. ಇಬ್ಬನಿಯು ಮಳೆಯಂತೆ ಮೇಲಿನಿಂದ ಬೀಳುವುದೆಂದು ಜನರು ಬಹುಕಾಲ ನಂಬಿದ್ದರು. ನಿಜವನ್ನು ಕಂಡವರಲ್ಲಿ ಮುಖ್ಯನಾದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ; ಅವನು ಅದನ್ನು ಕಂಡುದು ಪ್ರಯೋಗಶಾಲೆಯಲ್ಲಲ್ಲ, ಊರ ಹೊರಗಿನ ಒಂದು ಮನೆಯ ತೋಟದಲ್ಲಿ. ಸಮತೂಕದ ಉಣ್ಣೆಯ ಮುದ್ದೆಗಳನ್ನು ಇರುಳಲ್ಲಿ ಅಲ್ಲಲ್ಲಿಟ್ಟು, ಎಷ್ಟೆಷ್ಟು ತೂಕ ಹೆಚ್ಚಿತೆಂದು ನೋಡುವುದು ಅವನ ಕ್ರಮ. ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯ ಮೇಲಣ ಉಣ್ಣೆಯು ಚೆನ್ನಾಗಿ ತೊಯ್ದಿತು. ಹಲಗೆಯ ಕೆಳಗಣದು ಅಷ್ಟು ತೊಯ್ಯಲಿಲ್ಲ. ಮೋಡವಿಲ್ಲದ ಇರುಳಲ್ಲಿ ಎಲೆಯು ತನ್ನ ಕಾವನ್ನು ಬಾನಿಗೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುವುದೆಂದೂ, ಆಗ ಗಾಳಿಯಲ್ಲಿರುವ ನೀರಾವಿಯು ಎಲೆಯ ಮೇಲೆಯೇ ಹನಿಗೂಡುವುದೆಂದೂ ಅವನು 1814ರ ತನ್ನ ಪುಸ್ತಕದಲ್ಲಿ ವಿವರಿಸಿದನು. ಎಳೆಯ ಸಸಿಗಳ ಮೇಲೆ ತೆಳುವಾದ ಚಾಪೆಯನ್ನು ಹಾಸಿದರೆ ಅವು ಬೆಚ್ಚಗಿರುವುದೇಕೆಂಬುದಕ್ಕೆ ಇದೇ ಉತ್ತರ. ಚಾಪೆಯು ಚಳಿಯನ್ನು ತಡೆಯುವುದಲ್ಲ. ಗಿಡದ ಕಾವು ಮೇಲಕ್ಕೆ ಹೋಗದಂತೆ ತಡೆಯುವುದು.

ಎಲೆಯ ಮೇಲಿನ ಹನಿಗಳೆಲ್ಲ ಇಬ್ಬನಿಯೇ ಎಂದೂ ತಿಳಿಯಬೇಕಾಗಿಲ್ಲ. ಕೆಸುವಿನ ಎಲೆಯ ತುದಿಯಲ್ಲಿ, ಹುಲ್ಲಿನ ಗರಿಯ ತುದಿಯಲ್ಲಿ, ಒಂದೊಂದೇ ದುಂಡುಹನಿ ಅಳತೆಮಾಡಿ ಇಟ್ಟಂತೆ ನಿಂತಿದ್ದರೆ ಅದು ಗಿಡವೇ ಒಳಗಿನಿಂದ ಹೊರದೂಡಿದ ನೀರು. ಬೇರಿನ ಬಳಿ ತೇವ ಹೆಚ್ಚಾಗಿದ್ದು, ಇರುಳಲ್ಲಿ ಎಲೆಯಿಂದ ಆವಿ ಹೋಗಲಾರದಿದ್ದಾಗ ಹೀಗಾಗುವುದು. ಇದನ್ನು ಕಂಡ ಬೆಳಗ್ಗೆ ಆ ಪಾತಿಗೆ ನೀರು ಹಾಕುವ ಅವಶ್ಯವಿಲ್ಲ. ಮಣ್ಣಿಗೆ ಕೈಯಿಟ್ಟು ನೋಡುವ ತೊಂದರೆಯೂ ತಪ್ಪಿತು. ಚಳಿಗಾಲದಲ್ಲಿ ಸಂಜೆ ನೀರು ಹಾಕುವ ಅಭ್ಯಾಸವು ಒಳ್ಳೆಯದಲ್ಲ. ಇರುಳೆಲ್ಲ ಒದ್ದೆಯಾಗಿ ನಿಂತ ಎಲೆಗಳಿಗೆ ರೋಗ ಬೇಗ ಅಂಟುವುದು. ಬಟಾಣಿಗೂ ಗುಲಾಬಿಗೂ ಈ ದಿನಗಳಲ್ಲಿ ಬೂದಿರೋಗದ ಕಾಟ ಉಂಟು. ಅವರೆ ಸೇವಂತಿಗೆಗಳ ಎಳೆಯ ತುದಿಗಳಿಗೆ ಕಪ್ಪು ಹೇನು ಮುತ್ತುವುದುಂಟು. ಹೇನಿಗೆ ಒಲೆಯ ಬೂದಿಯನ್ನು ಬೆಳಗಿನ ತೇವದ ಮೇಲೆ ಉದುರಿಸುವುದು ಹಳೆಯ ಉಪಾಯ. ಒಲೆಯೇ ಇಲ್ಲದವರು ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಚಿಮುಕಿಸಬಹುದು.

ಇನ್ನು ಬಿಸಿಲು. ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯನು ನೆತ್ತಿಯಿಂದ ಸುಮಾರು 36 ಡಿಗ್ರಿಯಷ್ಟು ತೆಂಕಣಕ್ಕೆ ಜಾರಿರುವನು. ಜೂನ್ ತಿಂಗಳಲ್ಲಿಯಾದರೋ ಅವನು ನೆತ್ತಿಯನ್ನು ದಾಟಿ ಬಡಗಣಕ್ಕೆ ಹೋಗಿರುವನು. ಆದಕಾರಣ ಒಂದೇ ಮನೆಯ ಸುತ್ತಲೂ ಎರಡು ತೋಟಗಳಿದ್ದಂತೆ. ಬಡಗಣ ಗೋಡೆಯ ಬುಡವು ಬೇಸಗೆಯಲ್ಲಿ ಬಿಸಿಲನ್ನು ಕಂಡು ಮಾಗಿಯಲ್ಲಿ ಪೂರಾ ನೆರಳಾಗುವುದು. ತೆಂಕಣ ಗೋಡೆಯ ಬುಡಕ್ಕೆ ಮಾಗಿಯಲ್ಲಿಯೇ ಭಾಗ್ಯ. ಹಗಲೆಲ್ಲ ಗೋಡೆಯು ಕುಡಿದ ಕಾವು ಇರುಳಲ್ಲಿ ಮೆಲ್ಲಗೆ ಗಿಡಕ್ಕೆ ಸಲ್ಲುವುದು. ಕುಂಡಗಳನ್ನು ವರ್ಷವೆಲ್ಲ ಒಂದೇ ಕಡೆ ಇಟ್ಟು, ಗಿಡ ಸೊರಗಿತೆಂದು ದೂರುವವರು ಸೂರ್ಯನ ಜತೆಗೆ ಕುಂಡವನ್ನೂ ಸರಿಸಿ ನೋಡಬೇಕು. ಈ ಓರೆಬಿಸಿಲಿನಿಂದ ಇನ್ನೊಂದು ಲಾಭವೂ ಉಂಟು: ಬೆಳಕು ಹೂವಿನ ಮೇಲಿನಿಂದ ಬೀಳದೆ ಹಿಂದಿನಿಂದ ಹಾಯುವುದರಿಂದ ದಳಗಳು ಒಳಗೆ ದೀಪವಿಟ್ಟಂತೆ ತೋರುವುವು. ಬೇಸಗೆಯ ನಡುಹಗಲಲ್ಲಿ ಎಷ್ಟು ಚೆಲುವಾದ ಹೂವೂ ಚಪ್ಪಟೆಯಾಗಿ ಕಾಣುವುದಕ್ಕೆ ಬೆಳಕೇ ಕಾರಣ, ಹೂವಲ್ಲ.

ಪರದೇಶದ ಹೂಗಿಡಗಳ ವಿಚಾರದಲ್ಲಿ ನಮ್ಮದು ಮಿತವಾದ ಪ್ರೀತಿ. 1809ರಲ್ಲಿ ಬೆಂಗಳೂರಿಗೆ ದಂಡು ಬಂದು ನೆಲಸಿದ ತರುವಾಯ ದೊರೆಗಳ ಬಂಗಲೆಗಳ ಸುತ್ತಲೂ ಬೆಳೆದ ಹೂವುಗಳೂ, ಎಲೆಕೋಸು, ನವಿಲುಕೋಸು, ಬಟಾಣಿ ಮುಂತಾದ ತರಕಾರಿಗಳೂ ಕ್ರಮೇಣ ನಮ್ಮವರ ಹಿತ್ತಿಲುಗಳಿಗೂ ಇಳಿದುವು. ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು 1889ರಲ್ಲಿ. ಜರ್ಮನಿಯವರಾದ ಕ್ರುಂಬೀಗಲ್ ಅವರು ಬರೋಡೆಯಿಂದ ಬಂದು ಆ ತೋಟದ ಭಾರವನ್ನು ವಹಿಸಿಕೊಂಡುದು 1908ರಲ್ಲಿ. ಮೈಸೂರು ಉದ್ಯಾನಕಲಾ ಸಂಘವು ಹುಟ್ಟಿದುದು 1912ರಲ್ಲಿ. ಫ್ಲಾಕ್ಸ್, ಪೆಟೂನಿಯಾ, ಸಾಲ್ವಿಯಾ, ಆಸ್ಟರ್ ಎಂಬ ಹೆಸರುಗಳನ್ನು ನಮ್ಮ ಗೃಹಿಣಿಯರು ತೊದಲದೆ ಹೇಳುವಂತಾದುದು ಇಂಥವರ ದೆಸೆಯಿಂದ. ಜನವರಿಯ ಕೊನೆಯಲ್ಲಿ ಗಣರಾಜ್ಯದಿನದ ಸುತ್ತ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರ ಕೈಯಲ್ಲಿ ಕುಂಡವಿಲ್ಲದಿದ್ದರೆ ಆಶ್ಚರ್ಯವೇ ಸರಿ. ಆದರೆ ಈ ಗಿಡಗಳು ಅಕ್ಟೋಬರಿನಲ್ಲಿ ಬೀಜವಾಗಿ ಬಂದು ಫೆಬ್ರವರಿಯಲ್ಲಿ ಹುಲ್ಲಾಗಿ ಹೋಗುವ ಅತಿಥಿಗಳು. ಇವನ್ನು ಮನೆಯ ಮಕ್ಕಳೆನ್ನಲಾಗುವುದಿಲ್ಲ.

ಸೇವಂತಿಗೆಯ ರೀತಿಯೇ ಬೇರೆ. ಅದನ್ನು ಬೀಜದಿಂದ ಬೆಳೆಯುವವರು ಕಡಿಮೆ. ಹೂವು ಮುಗಿದ ಮೇಲೆ ಬುಡದಿಂದೇಳುವ ಕಂದುಗಳನ್ನು ಬೇರುಸಹಿತ ಬಿಡಿಸಿ ನೆಡುವರು. ಹೀಗೆ ನೆಟ್ಟುದು ಹಳೆಯ ಗಿಡದ ಮಗುವೂ ಅಲ್ಲ, ಮೊಮ್ಮಗುವೂ ಅಲ್ಲ; ಅದೇ ಗಿಡ. ಅತ್ತೆಯವರ ಕಾಲದಲ್ಲಿ ಯಾವುದು ಹಿತ್ತಿಲಲ್ಲಿತ್ತೋ ಅದೇ ಇಂದು ಸೊಸೆಯ ಕಾಲದಲ್ಲಿಯೂ ಇರುವುದು. ನಡುವೆ ಅದು ಒಂದು ವರ್ಷವೂ ಸತ್ತಿಲ್ಲ. ಮಲೆನಾಡಿನ ಹೆಂಗಸರು ಡೇರೆಯ ಗೆಡ್ಡೆಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದೂ ಇದೇ ಬಗೆಯ ವ್ಯವಹಾರ. ಯಾವ ಅಂಗಡಿಯ ಪಟ್ಟಿಯಲ್ಲಿಯೂ ಹೆಸರಿಲ್ಲದ ಎಷ್ಟೋ ಹಳೆಯ ಸೇವಂತಿಗೆಗಳು, ಹೂವು ಚಿಕ್ಕದಾದರೂ ಎಲೆಯನ್ನು ಮುಟ್ಟಿದರೆ ಕೈ ಕಂಪಾಗುವಂಥವು, ಹೀಗೆ ಕೈಯಿಂದ ಕೈಗೆ ಬಂದೇ ಉಳಿದಿವೆ. ಕೊಡುವ ಕೈ ನಿಂತ ವರ್ಷ ಅವು ಇಲ್ಲವಾಗುವುವು.

ಬಸವನಗುಡಿಯ ಕಡೆ ನಾವು ಬಲ್ಲ ಮನೆಯೊಂದರಲ್ಲಿ ಇಂಥ ಒಂದು ಬಿಳಿಯ ಸೇವಂತಿಗೆಯಿತ್ತು. ಆ ಮನೆಯ ಹಿರಿಯಮ್ಮನವರು ಮದುವೆಯಾಗಿ ಬಂದ ವರ್ಷ ಚಿಂತಾಮಣಿಯ ಕಡೆಯ ತಮ್ಮ ತವರಿನಿಂದ ತಂದುದು. ಅರುವತ್ತು ವರ್ಷ ಅದು ಬಾವಿಯ ಕಟ್ಟೆಯ ತೆಂಕಣ ಬದಿಯಲ್ಲಿ ಅರಳಿತು. ಮಕ್ಕಳು ದೊಡ್ಡವರಾದರು, ಮನೆಯನ್ನು ಕೆಡವಿ ಅಲ್ಲಿ ನಾಲ್ಕಂತಸ್ತಿನ ಕಟ್ಟಡವನ್ನೆಬ್ಬಿಸುವ ಮಾತಾಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಅಂಥ ನಿವೇಶನದ ಬೆಲೆಯಲ್ಲಿ ಹೂಗಿಡಕ್ಕೆ ಎಡೆಯೆಲ್ಲಿ? ಪುಷ್ಯಮಾಸಕ್ಕೆ ಮೊದಲೇ ಮನೆಯನ್ನು ಬಿಡಬೇಕೆಂದು ಗೊತ್ತಾಯಿತು. ತೊಡಕು ಬಂದುದು ಇಲ್ಲಿ: ಸೇವಂತಿಗೆಯ ಕಂದುಗಳು ಏಳುವುದು ಹೂವಿನ ತರುವಾಯ, ಹೂವೇ ಇನ್ನೂ ಮೊಗ್ಗು. ಕಾರ್ತಿಕದ ಕೊನೆಯ ಸೋಮವಾರ, ಊರವರೆಲ್ಲ ಕಡಲೆಕಾಯಿ ಪರಿಷೆಗೆ ಹೋಗಿದ್ದಾಗ, ಆ ತಾಯಿಯವರು ಕುಡುಗೋಲನ್ನು ತೆಗೆದುಕೊಂಡು, ಬಿರಿಯುವುದರಲ್ಲಿದ್ದ ಗಿಡಗಳನ್ನೆಲ್ಲ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದುಹಾಕಿದರು. ಆ ವರ್ಷ ಆ ಮನೆಯಲ್ಲಿ ಸೇವಂತಿಗೆ ಅರಳಲಿಲ್ಲ. ಮೂರು ವಾರಗಳಲ್ಲಿ ಬುಡದಲ್ಲಿ ಎಳೆಯ ಕಂದುಗಳು ಕಾಣಿಸಿಕೊಂಡುವು. ಮಣ್ಣುಹೆಂಟೆ ಸಹಿತ ಅಗೆಯಿಸಿ, ತೂತುಬಿದ್ದ ಬಕೆಟ್ಟುಗಳಲ್ಲಿ, ಬಣ್ಣದ ಖಾಲಿ ಡಬ್ಬಗಳಲ್ಲಿ ತುಂಬಿಸಿ, ಏಳು ಮನೆಗಳಿಗೆ ಕಳುಹಿಸಿದರು. ನಮ್ಮ ಮನೆಗೂ ಒಂದು ಡಬ್ಬ ಬಂದಿತು. ತಮಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲವೇಕೆಂದು ಕೇಳಿದುದಕ್ಕೆ, "ಮಗನ ಮನೆಯ ಬಾಲ್ಕನಿ ಬಡಗು ಮುಖವಾಗಿದೆ ಕಣಮ್ಮ, ಬಿಸಿಲು ಕಾಣದ ಕಡೆ ಇಟ್ಟು ಅದನ್ನು ನಾನೇ ಸಾಯಿಸಲೆ?" ಎಂದರು. ಏಳು ಮನೆಗಳಲ್ಲಿ ಮೂರರಲ್ಲಿ ಗಿಡ ಹಿಡಿಯಲಿಲ್ಲ. ನಾಲ್ಕರಲ್ಲಿ ಹಿಡಿದಿದೆ. ಧನುರ್ಮಾಸದಲ್ಲಿ ಈ ನಾಲ್ಕು ಮನೆಗಳಿಂದ ಸರದಿಯ ಮೇಲೆ ಅವರ ದೇವರಿಗೆ ಹೂವು ಹೋಗುವುದು.

ನೆಲವೇ ಇಲ್ಲದವರ ಪಾಡನ್ನು ನಾವು ಮರೆತಿಲ್ಲ. ಇಂದು ಊರಿನಲ್ಲಿ ಅಂಥವರೇ ಹೆಚ್ಚು. ನೆಲವಿದ್ದವರೂ ಅದನ್ನು ಗೋಡೆಯಿಂದ ಗೋಡೆಗೆ ಕಲ್ಲು ಚಪ್ಪಡಿಯಿಂದ ಮುಚ್ಚಿ, ಗುಡಿಸಲು ಅನುಕೂಲವೆನ್ನುವರು. ಅನುಕೂಲವೇನೋ ನಿಜ; ಇಬ್ಬನಿಯು ಚಪ್ಪಡಿಯ ಮೇಲೆ ಬಿದ್ದರೆ ಕಾಲು ಜಾರುವುದೊಂದೇ ಫಲ. ಬಾಡಿಗೆಯ ಮನೆಯಲ್ಲಿರುವವರಿಗೂ ಮಹಡಿಯವರಿಗೂ ಸೇವಂತಿಗೆಯಂಥ ಒಳ್ಳೆಯ ಜತೆಗಾರರು ಇನ್ನಿಲ್ಲ. ಅಂಗೈಯಗಲದ ಕುಂಡವೊಂದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಸಗಣಿಯ ಗೊಬ್ಬರ, ತೆಂಕಣ ಅಥವಾ ಮೂಡಣ ಬಿಸಿಲು, ಇರುಳಲ್ಲಿ ಕತ್ತಲೆ, ಇಷ್ಟಿದ್ದರೆ ಸಾಕು. ಮನೆ ಬದಲಾಯಿಸುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಅವರೆಯನ್ನು ಕೂಡ ದೊಡ್ಡ ಡಬ್ಬದಲ್ಲಿ ಬಿತ್ತಿ ಮಹಡಿಯ ಕಂಬಿಗೆ ಹಬ್ಬಿಸಿರುವವರನ್ನು ನಾವು ಕಂಡಿದ್ದೇವೆ. ಹತ್ತು ಜನಕ್ಕೆ ಸಾರಾಗುವಷ್ಟು ಕಾಯಿ ಬಾರದು, ಸೊಗಡು ಬರುವುದು.

ಮಕರಸಂಕ್ರಾಂತಿಯಂದು ಎಳ್ಳು ಬೀರಲು ಹೊರಟ ಮಕ್ಕಳ ತಟ್ಟೆಗಳಲ್ಲಿ ಕಬ್ಬು, ಸಕ್ಕರೆಯಚ್ಚುಗಳ ಜತೆಗೆ ಒಂದೊಂದು ಸೇವಂತಿಗೆಯೂ ಇರುವುದು. ಅಲ್ಲಿಗೆ ಅದರ ಸರದಿ ಮುಗಿಯುತ್ತ ಬರುವುದು. ಮಾಗಿಮಲ್ಲಿಗೆಯ ಸರದಿ ತೊಡಗುವುದು. ಸಂಸ್ಕೃತದಲ್ಲಿ ಕುಂದವೆಂದು ಕರೆದು, ಕಾಳಿದಾಸನಂಥವರು ಚಳಿಗಾಲದ ಸ್ತ್ರೀಯರ ಮುಡಿಗೆ ಮೀಸಲಿಟ್ಟ ಹೂವು ಇದೇ. ದುಂಡುಮಲ್ಲಿಗೆಯ ಕಂಪು ಇದಕ್ಕಿಲ್ಲ. ಆದರೆ ದುಂಡುಮಲ್ಲಿಗೆಯು ಮಲಗಿರುವ ತಿಂಗಳುಗಳಲ್ಲಿ ಎದ್ದಿರುವುದು ಇದೊಂದೇ. ಹಿಮಾಲಯದ ಕಡೆಯಿಂದ ಮಳೆಗಾಲದ ಕೊನೆಗೆ ಬಂದಿಳಿದ ಬೂದು ಸಿಪಿಲೆಯು ಇನ್ನೂ ಬಚ್ಚಲ ನೀರಿನ ಕಾಲುವೆಯ ದಡದಲ್ಲಿ ಬಾಲವನ್ನು ಕುಣಿಸುತ್ತ ಓಡಾಡುತ್ತಿರುವುದು. ಚೈತ್ರದ ಹೊತ್ತಿಗೆ ಅದೂ ಹೊರಟುಹೋಗುವುದು.

ಮಾಘಮಾಸದಲ್ಲಿ ಒಣಗಿದ ಸೇವಂತಿಗೆಯನ್ನು ಕಿತ್ತೆಸೆಯದೆ, ನಾಲ್ಕು ಬೆರಳು ಬಿಟ್ಟು ಕೊಯ್ದು, ಬುಡಕ್ಕೆ ಒಂದು ಹಿಡಿ ಗೊಬ್ಬರವನ್ನು ಹಾಕಿ, ಬಿಸಿಲು ಬಲಿಯುವಾಗ ತುಸು ನೆರಳು ಮಾಡಬೇಕು. ಶಿವರಾತ್ರಿಯೊಳಗೆ ಕಂದುಗಳು ಗುಂಪಾಗಿ ಏಳುವುವು. ನಮಗೆ ಬೇಕಾದುವು ಹತ್ತಾದರೆ ಎದ್ದಿರುವುದು ಮೂವತ್ತು. ಕಳೆದ ವರ್ಷ ಆ ಬಿಳಿಯ ಸೇವಂತಿಗೆಯ ಹೆಚ್ಚಿನ ಕಂದುಗಳನ್ನು ಗಿಡ ಹಿಡಿಯದೆ ಹೋದ ಮೂರು ಮನೆಗಳಿಗೂ ಮತ್ತೆ ಕಳುಹಿಸಿದ್ದೇವೆ. ಒಂದು ಮನೆಯವರು ಈ ಸಲ ಡಬ್ಬವನ್ನು ಬೀದಿಯ ದೀಪದಿಂದ ದೂರ, ಹಿಂಬದಿಯ ಮೆಟ್ಟಿಲ ಕೆಳಗೆ, ತೆಂಕಣ ಬಿಸಿಲು ಬೀಳುವ ಕಡೆ ಇಟ್ಟಿದ್ದಾರಂತೆ.